ಗಂಗಾ ಢಾಬಾದ ಇರುಳು

ದಿಲ್ಲಿಯ ಇರುಳಿನ ವಿನೋದವೆಂದರೆ ಹಲವರಿಗೆ ಹೌಸ್ ಖಾಸ್, ಗುರುಗ್ರಾಮದ ಸೈಬರ್ ಹಬ್ ನೆನಪಾಗುತ್ತವೆ. ನನಗೆ ನೆನಪಾಗುವುದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಗಂಗಾ ಢಾಬಾ. 1969ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯಗಳಿಗೆ ನದಿಗಳ ಹೆಸರು. ಝೇಲಂ, ಸಾಬರಮತಿ, ಪೆರಿಯಾರ್‌ಗಳ ಜೊತೆಗೆ ನಮ್ಮ ಕಾವೇರಿಯೂ ಉಂಟು. ರಾತ್ರಿಯ ಊಟವಾದ ಮೇಲೆ ಮೆಸ್ಸಿನಲ್ಲಿಯೇ ಯಾರದಾದರೂ ಉಪನ್ಯಾಸ. ಉಪನ್ಯಾಸ ಮುಗಿದರೂ ವಾದ ಮುಗಿಯದು. ಅದನ್ನು ಢಾಬಾದವರೆಗೂ ಹೊತ್ತು ತಂದು, ಬಂಡೆಗಳ ಮೇಲೆ ಕುಳಿತು, ಒಂದು ಲೋಟ ಚಹಾದಲ್ಲಿ ನಡುರಾತ್ರಿಯನ್ನು ದಾಟುತ್ತಿದ್ದೆವು.

ಧಾರವಾಡದಲ್ಲಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿ ಬೆಳೆದವಳು ನಾನು. ಕೆಲಸವಿಲ್ಲದೆಯೂ ಹೆಣ್ಣೊಬ್ಬಳು ಇರುಳಿನಲ್ಲಿ ಹೊರಗೆ ಕುಳಿತಿರಬಹುದೆಂಬುದೇ ನನಗೆ ಅಲ್ಲಿ ದೊರೆತ ದೊಡ್ಡ ಸುಖ. ಆದರೂ ಅವ್ವ ಫೋನಿನಲ್ಲಿ "ಎಲ್ಲಿದ್ದೀ?" ಎಂದರೆ, "ಲೈಬ್ರರಿಯೊಳಗ" ಎಂದೇ ಉತ್ತರಿಸುತ್ತಿದ್ದೆ.

2012ರ ಡಿಸೆಂಬರ್ 16ರ ರಾತ್ರಿ, ಸಿನಿಮಾ ನೋಡಿ ಮರಳುತ್ತಿದ್ದ ಆ ಯುವತಿ ಬಸ್ಸು ಹತ್ತಿದ್ದು ನಮ್ಮ ಕ್ಯಾಂಪಸ್ಸಿನ ಮಗ್ಗುಲಲ್ಲೇ ಇರುವ ಮುನಿರ್ಕಾದಲ್ಲಿ. ಆಕೆಯೂ ನಮ್ಮಂತೆಯೇ ಒಂದು ಸಂಜೆಯನ್ನು ಸವಿಯಲು ಹೊರಟವಳು. ಕೆಲವು ದಿನಗಳ ತರುವಾಯ ಅವ್ವ ಮತ್ತೆ ಅದೇ ಪ್ರಶ್ನೆ ಕೇಳಿದಳು. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಢಾಬಾದಾಗ ಕುಂತೇನಿ, ಅವ್ವಾ. ಭಾಳ ಮಂದಿ ಹುಡುಗ್ಯಾರು ಇದ್ದೇವಿ."

ಬಹಳ ಹೊತ್ತು ಆಕೆ ಮಾತನಾಡಲಿಲ್ಲ. ಅನಂತರ ಕೇಳಿದಳು: "ಥಂಡಿ ಭಾಳ ಐತೇನು? ಚಹಾ ಕುಡದಿ?"