ಗಾಡಿಗೇನಾಗಿತ್ತು?

ಅಪ್ಪನ ಕಣ್ಣು ಮಂಜಾದ ಮೇಲೆ ಸಂಜೆ ಹೊತ್ತು ಏನಾದರೂ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪೇಪರ್ ಓದಿದರೆ “ಸಾಕು ಬಿಡವ್ವಾ, ಎಲ್ಲಾ ಗೊತ್ತಿರೋದೇ” ಅನ್ನುತ್ತಿದ್ದ. ದಾವಣಗೆರೆಯಲ್ಲಿ 30 ವರ್ಷ ಗ್ಯಾರೇಜು ನಡೆಸಿದವನು ಅವನು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಡಾಕ್ಟರು ಎದೆ ನೋಡುವ ಹಾಗೆ ಕೇಳಿ ರೋಗ ಹೇಳುತ್ತಿದ್ದ. ಅಂಥವನಿಗೆ ಯಾವ ಪುಸ್ತಕ ಓದುವುದು?

ಬೆಂಗಳೂರಿನ ಹಳೇ ಪುಸ್ತಕದಂಗಡಿಯಲ್ಲಿ ಜಾನೆಟ್ ಇವಾನೊವಿಚ್ ಬರೆದ ‘ಮೋಟಾರ್ ಮೌತ್’ ಸಿಕ್ಕಾಗ ಹುಡುಕುತ್ತಿದ್ದದ್ದು ಸಿಕ್ಕಿತು ಅನ್ನಿಸಿತು. 2006ರ ಕಾದಂಬರಿ. ಕಾರ್ ರೇಸು, ಕೊಲೆ, ನಗು ಎಲ್ಲ ಇದೆ ಎಂದು ಹಿಂಬದಿಯ ರಟ್ಟು ಹೇಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕಥಾನಾಯಕಿ ಬಾರ್ನಿ ಬಾಲ್ಟಿಮೋರಿನಲ್ಲಿ ತನ್ನಪ್ಪನ ಗ್ಯಾರೇಜಿನಲ್ಲಿ ಬೆಳೆದವಳು! ಗ್ರೀಸಿನ ವಾಸನೆಯಲ್ಲಿ ಹೋಂವರ್ಕ್ ಮಾಡಿದ ಹುಡುಗಿಯೊಬ್ಬಳು ಪುಸ್ತಕದೊಳಗೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಪುಸ್ತಕ ನಮ್ಮಿಬ್ಬರಿಗಾಗಿಯೇ ಬರೆದದ್ದು ಅಂದುಕೊಂಡು ಕೊಂಡೆ. ದಿನಕ್ಕೆ ಹತ್ತು ಪುಟ, ಓದುತ್ತಾ ಓದುತ್ತಾ ಕನ್ನಡದಲ್ಲಿ ಹೇಳುವುದು.

ಮೊದಲ ಸಂಜೆ ಚೆನ್ನಾಗಿತ್ತು. ಅಮೆರಿಕದ ನ್ಯಾಸ್ಕಾರ್ ರೇಸಿನಲ್ಲಿ ಬಾರ್ನಿ ‘ಸ್ಪಾಟರ್’. ಸ್ಟೇಡಿಯಂ ಮೇಲೆ ಎತ್ತರದಲ್ಲಿ ನಿಂತು ತನ್ನ ಡ್ರೈವರ್ ಹೂಕರ್‌ಗೆ ರೇಡಿಯೋದಲ್ಲಿ ದಾರಿ ಹೇಳುವವಳು. ಬೆಲ್ಟು, ಹೆಲ್ಮೆಟ್ಟುಗಳಲ್ಲಿ ಬಿಗಿದುಕೊಂಡ ಡ್ರೈವರಿಗೆ ಪಕ್ಕದ ಗಾಡಿ ಕಾಣುವುದಿಲ್ಲ. ಮೇಲಿನಿಂದ ಬರುವ ದನಿಯೇ ಅವನ ಕಣ್ಣು. ಅಪ್ಪ ಎದ್ದು ಕೂತ. “ನೀನು ನನಗೆ ಓದಿ ಹೇಳ್ತಿಯಲ್ಲ, ಹಂಗೆ” ಅಂದ. ಆ ಗಾಡಿಗಳಿಗೆ ಬಾಗಿಲಿಲ್ಲ, ಕಿಟಕಿಯಿಂದ ತೂರಿಕೊಂಡು ಒಳಗೆ ಹೋಗಬೇಕು, ಹೆಡ್‌ಲೈಟ್ ಇರಬೇಕಾದ ಜಾಗದಲ್ಲಿ ಹೆಡ್‌ಲೈಟಿನ ಸ್ಟಿಕ್ಕರ್ ಅಂಟಿಸಿರುತ್ತಾರೆ ಎಂದು ನನಗೆ ಗೊತ್ತಿದ್ದದ್ದನ್ನೂ ಸೇರಿಸಿದೆ. ಅಪ್ಪ ಕೆಮ್ಮು ಬರುವಷ್ಟು ನಕ್ಕ.

ಎದುರಾಳಿ ತಂಡ ಕಳ್ಳ ತಂತ್ರಜ್ಞಾನ ಬಳಸಿ ಗೆಲ್ಲುತ್ತಿದೆ ಎಂದು ಬಾರ್ನಿಗೆ ಅನುಮಾನ. ಅಪ್ಪ ಕೇಳಿದ: “ಗಾಡಿಗೆ ಏನು ಮಾಡಿದ್ರಂತೆ?” ನಾಳೆ ಗೊತ್ತಾಗುತ್ತೆ ಅಂದೆ.

ಮರುದಿನ ಗೊತ್ತಾಗಲಿಲ್ಲ. ಅದರಾಚೆಯ ದಿನವೂ ಇಲ್ಲ. ಬಾರ್ನಿ ಮತ್ತು ಹೂಕರ್ ರೇಸ್ ಕಾರುಗಳನ್ನು ಸಾಗಿಸುವ ದೊಡ್ಡ ಟ್ರಕ್ಕನ್ನೇ ಹೊಡೆದುಕೊಂಡು ಹೋದರು. ಅದರೊಳಗೊಂದು ಹೆಣ ಸಿಕ್ಕಿತು. ಆಮೇಲೆ ಹೆಣ ಬಚ್ಚಿಡುವುದು, ರೌಡಿಗಳು ಅಟ್ಟಿಸಿಕೊಂಡು ಬರುವುದು, ಇವರು ತಪ್ಪಿಸಿಕೊಳ್ಳುವುದು. ನಡುನಡುವೆ ಬೀನ್ಸ್ ಎಂಬ ಭಾರಿ ಗಾತ್ರದ ಸೇಂಟ್ ಬರ್ನಾರ್ಡ್ ನಾಯಿ, ಜೊತೆಗೆ ಹೂಕರ್–ಬಾರ್ನಿಯರ ಮುನಿಸು. ನಾನು ಕೆಲವು ಕಡೆ ನಕ್ಕೆ, ಸುಳ್ಳು ಹೇಳಲಾರೆ. ಅಪ್ಪ ಮಾತ್ರ ಪ್ರತಿ ಅಧ್ಯಾಯ ಮುಗಿದಾಗಲೂ ಒಂದೇ ಪ್ರಶ್ನೆ: “ಅದಿರಲಿ, ಗಾಡಿಗೇನಾಗಿತ್ತು?”

ಕಳ್ಳತಂತ್ರದ ವಿವರ ಬಂದಾಗಲೂ ಅವನಿಗೆ ಸಮಾಧಾನವಾಗಲಿಲ್ಲ. ಪುಸ್ತಕ ಮುಗಿದ ದಿನ ಅಂದ: “ಬರೆದಾಕೆ ಬಾನೆಟ್ ಎತ್ತಲೇ ಇಲ್ಲ ಕಣವ್ವಾ.”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಇವಾನೊವಿಚ್ ಕೈಲಾಗದ ಲೇಖಕಿಯೇನಲ್ಲ. 1994ರಲ್ಲಿ ಶುರುವಾದ ಆಕೆಯ ಸ್ಟೆಫನಿ ಪ್ಲಮ್ ಸರಣಿಯನ್ನು ನಾನು ಬಸ್ಸಿನಲ್ಲಿ ಒಬ್ಬಳೇ ನಕ್ಕು ಅಕ್ಕಪಕ್ಕದವರು ತಿರುಗಿ ನೋಡುವ ಹಾಗೆ ಓದಿದ್ದೇನೆ. ಅಲ್ಲಿ ನ್ಯೂಜೆರ್ಸಿಯ ಟ್ರೆಂಟನ್ ಊರಿದೆ. ಸತ್ತವರ ಮುಖ ನೋಡಲು ಮದುವೆಮನೆಗೆ ಹೋಗುವ ಉತ್ಸಾಹದಲ್ಲಿ ಹೊರಡುವ ಅಜ್ಜಿಯಿದ್ದಾಳೆ. ಆ ಅಜ್ಜಿಯನ್ನು ಆ ಬೀದಿಯಿಂದ ಕಿತ್ತು ಬೇರೆಡೆ ನೆಡಲಾಗದು. ನಗು ಆ ನೆಲದಿಂದಲೇ ಎದ್ದದ್ದು. ‘ಮೋಟಾರ್ ಮೌತ್’ನಲ್ಲಿ ರೇಸನ್ನು ತೆಗೆದು ಸರ್ಕಸ್ ಕಂಪನಿಯನ್ನೋ ಮದುವೆ ವಾದ್ಯದ ತಂಡವನ್ನೋ ಇಟ್ಟರೂ ಹೆಣ, ನಾಯಿ, ಓಟ ಬಹುಪಾಲು ಹಾಗೇ ಉಳಿಯುತ್ತವೆ. ಅಪ್ಪ ನಕ್ಕಿದ್ದ ಆ ಸ್ಟಿಕ್ಕರ್ ಹೆಡ್‌ಲೈಟಿನ ಹಾಗೆ: ದೂರದಿಂದ ಸರಿಯಾಗಿಯೇ ಕಾಣುತ್ತದೆ, ಬೆಳಕು ಬೀಳುವುದಿಲ್ಲ.

ಇಂಗ್ಲೆಂಡಿನ ಡಿಕ್ ಫ್ರಾನ್ಸಿಸ್ ನೆನಪಾಗುತ್ತಾನೆ. ಕುದುರೆ ಜಾಕಿಯಾಗಿದ್ದವನು. 1956ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ, ಗೆಲುವಿನ ಗೆರೆ ಕಣ್ಣೆದುರೇ ಇದ್ದಾಗ ಅವನ ಕುದುರೆ ಡೆವನ್ ಲಾಕ್ ಇದ್ದಕ್ಕಿದ್ದಂತೆ ಕುಸಿದುಬಿಟ್ಟಿತು. 1962ರಲ್ಲಿ ಬಂದ ಅವನ ಮೊದಲ ಕಾದಂಬರಿ ‘ಡೆಡ್ ಸರ್ಟ್’ ಶುರುವಾಗುವುದೂ ಕುದುರೆಯೊಂದು ಬೀಳುವುದರಿಂದ. ಜನಕ್ಕೆ ಅದು ಆಕಸ್ಮಿಕ. ಬೆನ್ನಹಿಂದೆಯೇ ಸವಾರಿ ಮಾಡುತ್ತಿದ್ದ ಜಾಕಿಯ ಕಣ್ಣಿಗೆ ಮಾತ್ರ ಬೇಲಿಗೆ ಅಡ್ಡ ಕಟ್ಟಿದ್ದ ತಂತಿಯ ಗುಟ್ಟು ಸಿಗುತ್ತದೆ. ಅಲ್ಲಿ ಅಪರಾಧವೂ ಕಸುಬಿನೊಳಗೇ ಇದೆ, ಅದರ ಉತ್ತರವೂ ಅಲ್ಲೇ ಇದೆ. ನಾನು ಬಾರ್ನಿಯಿಂದ ಬಯಸಿದ್ದು ಇಷ್ಟೇ. ಗ್ಯಾರೇಜಿನಲ್ಲಿ ಬೆಳೆದ ಕಿವಿಗೆ ಮಾತ್ರ ಕೇಳಿಸುವ ಒಂದು ಸದ್ದು.

ನ್ಯಾಸ್ಕಾರ್‌ನಲ್ಲಿ ನಗುವಿಗೆ ಬರವೇ? 1948ರಲ್ಲಿ ಹುಟ್ಟಿದ ಆ ಸಂಸ್ಥೆಯ ಮೊದಮೊದಲಿನ ವೀರರಲ್ಲಿ ಹಲವರು ಕಳ್ಳಭಟ್ಟಿ ಸಾಗಿಸುತ್ತಾ, ಪೊಲೀಸರಿಂದ ತಪ್ಪಿಸಿಕೊಳ್ಳುತ್ತಾ ಗಾಡಿ ಓಡಿಸಲು ಕಲಿತವರು. 50 ರೇಸ್ ಗೆದ್ದ ಜೂನಿಯರ್ ಜಾನ್ಸನ್ ಅವರಲ್ಲೊಬ್ಬ. ಡೇಟೋನಾ ಬೀಚಿನ ಮೆಕ್ಯಾನಿಕ್ ಸ್ಮೋಕಿ ಯೂನಿಕ್‌ನ ಕಥೆಯನ್ನು ಅಪ್ಪನಿಗೆ ನಾನೇ ಹೇಳಿದೆ. ಪೆಟ್ರೋಲ್ ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಎಂದು ನಿಯಮವಿತ್ತು, ಪೈಪಿನ ಬಗ್ಗೆ ಇರಲಿಲ್ಲ. ಯೂನಿಕ್ ಎರಡಿಂಚು ದಪ್ಪದ, 11 ಅಡಿ ಉದ್ದದ ಪೈಪು ಹಾಕಿ ಅದರೊಳಗೇ ಹೆಚ್ಚಿನ ಪೆಟ್ರೋಲು ತುಂಬಿಸಿದ ಎಂದು ರೇಸಿನವರು ಇಂದಿಗೂ ಹೇಳುತ್ತಾರೆ.

ಅಪ್ಪ ಮಂಚದ ಪಟ್ಟಿಗೆ ಕೈ ಬಡಿದ. “ಇದನ್ನ ಬರೀಬೇಕಿತ್ತು ನೋಡು ಆಕೆ!” ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಎಂದೂ ಕೇಳಿರದ ಕಥೆ ತೆಗೆದ.

ಒಬ್ಬ ಡಾಕ್ಟರ ಅಂಬಾಸಿಡರ್. ಗುಡ್ಡ ಹತ್ತುವಾಗ ಮಾತ್ರ ಹಿಂದೆ ‘ಧಡ್’ ಅಂತ ಸದ್ದು. ಊರೊಳಗೆ ಓಡಿಸಿದರೆ ಏನೂ ಇಲ್ಲ. ಅಪ್ಪ ಶಾಕ್ ಅಬ್ಸಾರ್ಬರ್ ಬುಷ್ ಬದಲಾಯಿಸಿದ, ಸದ್ದು ಹೋಗಲಿಲ್ಲ. ಸ್ಪ್ರಿಂಗ್ ಪಟ್ಟಿ ಬಿಚ್ಚಿ ಕಟ್ಟಿದ, ಹೋಗಲಿಲ್ಲ. ಕೊನೆಗೆ ಹೆಲ್ಪರ್ ಹುಡುಗನನ್ನು ಡಿಕ್ಕಿಯಲ್ಲಿ ಮಲಗಿಸಿ, ಮುಚ್ಚಳಕ್ಕೆ ಹಗ್ಗ ಕಟ್ಟಿ, ಗುಡ್ಡ ಹತ್ತಿಸಿದ. ಅರ್ಧ ದಾರಿಯಲ್ಲಿ ಒಳಗಿಂದ ಕೂಗು: “ಅಣ್ಣಾ, ತೆಂಗಿನಕಾಯಿ!” ಯಾವತ್ತೋ ದೇವಸ್ಥಾನಕ್ಕೆ ಒಯ್ದದ್ದರಲ್ಲಿ ಒಂದು ಸ್ಟೆಪ್ನಿಯ ಹಿಂದೆ ಉರುಳಿ ಕೂತಿತ್ತು.

“ಡಾಕ್ಟ್ರಿಗೆ ಏನಂದೆ?”

“ಸರಿ ಮಾಡೀನಿ ಅಂದೆ.”

“ಬುಷ್ ದುಡ್ಡು?”

ಅಪ್ಪ ಗೋಡೆ ಕಡೆ ಮುಖ ತಿರುಗಿಸಿದ. “ತಗೊಂಡಿದ್ದೆ. ಆ ಮನುಷ್ಯ ಹೋಗಿ ಹತ್ತು ವರ್ಷಾತು. ಒಂದಿನ ಹೇಳಿ ವಾಪಸ್ ಕೊಡಬೇಕು ಅಂತಿದ್ದೆ.”

ನಾನು ‘ಮೋಟಾರ್ ಮೌತ್’ ಮುಚ್ಚಿ ಕಿಟಕಿಯ ಮೇಲಿಟ್ಟೆ. ಮರುದಿನ ಸಂಜೆಯಿಂದ ಓದುವುದು ನಿಂತಿತು. ಅಪ್ಪ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ.