ಕ್ಯೋಟೋದ ಅಕ್ಕಿ, ರಾತ್ರಿಯ ಮಾತ್ರೆ

ಕ್ಯೋಟೋದಲ್ಲಿ ಬಂಗಾರದ ಮಂಟಪ ನೋಡಿದೆ, ಕಾಮೊ ನದಿಯ ದಂಡೆಯ ಮೇಲೆ ಸಂಜೆಯವರೆಗೆ ನಡೆದೆ. ಮನಸ್ಸು ಮಾತ್ರ ಬಂದ ದಿನದಿಂದಲೂ ಒಂದು ಅಕ್ಕಿ ಅಂಗಡಿಗಾಗಿ ಹಂಬಲಿಸುತ್ತಿತ್ತು. ಯಾವುದಾದರೂ ಸರಿ. ಆರು ವರ್ಷಗಳಿಂದ ರಾತ್ರಿ ಊಟವಾದ ಮೇಲೆ ನಾನು ನುಂಗುವ ಕೊಲೆಸ್ಟ್ರಾಲ್ ಮಾತ್ರೆಯ ಮೂಲಪುರುಷ ಹುಟ್ಟಿದ್ದು ಈ ಊರಿನ ಅಕ್ಕಿಯಲ್ಲಿ.

ಅದನ್ನು ಕಂಡುಹಿಡಿದ ವಿಜ್ಞಾನಿ ಅಕಿರಾ ಎಂಡೊ 1933ರಲ್ಲಿ ಅಕಿಟಾ ಪ್ರಾಂತ್ಯದ ರೈತರ ಮನೆಯಲ್ಲಿ ಹುಟ್ಟಿದವರು. ಅಣಬೆ, ಬೂಷ್ಟು ಎಂದರೆ ಚಿಕ್ಕಂದಿನಿಂದಲೂ ಪ್ರಾಣ. ನೆರೆಯ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕಲು ಕೆಲವು ಬೂಷ್ಟುಗಳು ಕೊಲೆಸ್ಟ್ರಾಲ್ ತಯಾರಿಗೆ ಅಡ್ಡಗಾಲು ಹಾಕುವ ವಸ್ತುವನ್ನು ಒಸರುತ್ತಿರಬಹುದು ಎಂದು ಅವರು ಊಹಿಸಿದರು. ಟೋಕಿಯೋದ ಸಾಂಕ್ಯೊ ಕಂಪನಿಯ ಪ್ರಯೋಗಾಲಯದಲ್ಲಿ ಸುಮಾರು 6,000 ಬಗೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 1973ರಲ್ಲಿ ಸಿಕ್ಕಿತು. ಕ್ಯೋಟೋದ ಧಾನ್ಯದಂಗಡಿಯೊಂದರ ಅಕ್ಕಿಯಿಂದ ತಂದ ನೀಲಿ-ಹಸಿರು ಬೂಷ್ಟು, ಪೆನಿಸಿಲಿಯಂ ಸಿಟ್ರಿನಂ. ಅದು ಕೊಟ್ಟ ಕಾಂಪ್ಯಾಕ್ಟಿನ್ನೇ ಮೊದಲ ಸ್ಟ್ಯಾಟಿನ್, ನನ್ನ ಮಾತ್ರೆಯ ಮೂಲಪುರುಷ. ಮಳೆಗಾಲದಲ್ಲಿ ನಮ್ಮಮ್ಮ ಮೂಗು ಮುಚ್ಚಿಕೊಂಡು ತಿಪ್ಪೆಗೆ ಸುರಿಯುತ್ತಿದ್ದ ಅಕ್ಕಿ ನೆನಪಾಗಿ ಮೈ ಜುಮ್ಮೆಂದಿತು.

ಒಸಾಕಾದಲ್ಲಿ ಕೆಲಸದಲ್ಲಿರುವ ಮಗಳು ನಿಶಿಕಿ ಪೇಟೆಗೆ ಕರೆದೊಯ್ದಳು. ಸಪೂರ ಓಣಿ, ಮೇಲೆ ಬಣ್ಣದ ಗಾಜಿನ ಚಾವಣಿ. ಕಟ್ಟಿಗೆಯಂತೆ ಒಣಗಿದ ಬೊನಿಟೊ ಮೀನನ್ನು ಒಬ್ಬರು ಬಡಗಿಯ ಹಾಗೆ ಕೀಸುಳಿಯಲ್ಲಿ ಕೀಸುತ್ತಿದ್ದರು. ಉದುರುವ ಎಸಳುಗಳು ಉಸಿರಿಗೂ ಹಾರುವಷ್ಟು ತೆಳು. ನಾನು ಕೈ ಚಾಚಿದೆ.

“ಅಪ್ಪಾ, ಬೇಡ. ಯೂರಿಕ್ ಆ್ಯಸಿಡ್ ಎಷ್ಟಿತ್ತು ಹೇಳಿ?”

7.9 ಇತ್ತು. ಈ ಮೀನಿನಲ್ಲಿ ಪ್ಯೂರಿನ್ ಹೆಚ್ಚು. ಪ್ಯೂರಿನ್ ಒಡೆದು ಯೂರಿಕ್ ಆ್ಯಸಿಡ್ ಆಗುತ್ತದೆ, ಅದು ರಕ್ತದಲ್ಲಿ 6.8ರ ಆಸುಪಾಸು ದಾಟಿದರೆ ಹರಳುಗಟ್ಟಬಹುದು. ದೇಹದ ತಣ್ಣನೆಯ ತುದಿ, ಕಾಲಿನ ಹೆಬ್ಬೆರಳ ಬುಡ, ಅದಕ್ಕೆ ಇಷ್ಟದ ಜಾಗ. ಅಲ್ಲಿ ಏಳುವ ನೋವಿಗೆ, ಅಂದರೆ ಗೌಟಿಗೆ, ಇಲ್ಲಿ ‘ತ್ಸೂಫೂ’ ಎನ್ನುತ್ತಾರೆ ಎಂದಳು ಮಗಳು. ಮೊದಲ ಅಕ್ಷರ ನೋವು, ಎರಡನೆಯದು ಗಾಳಿ. ಗಾಳಿ ಸೋಕಿದರೂ ನೋಯುತ್ತದಂತೆ. ನಾನು ಓಣಿಯ ನಡುವೆ ನಿಂತುಬಿಟ್ಟೆ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ಹತ್ತಿರದ ರೋಗ ವಾತರಕ್ತ, ಚರಕ ಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. ವಾತವೆಂದರೂ ಗಾಳಿಯೇ ಅಲ್ಲವೆ!

ಮೂಲೆಯಂಗಡಿಯಲ್ಲಿ ಮತ್ತೊಂದು ಬೆರಗು: ‘ಪ್ಯೂರಿನ್ ಸೊನ್ನೆ’ ಎಂದು ದೊಡ್ಡದಾಗಿ ಬರೆದ ಬಿಯರ್ ಡಬ್ಬಿಗಳು. ಹರಳಿನ ಭಯ ಇಲ್ಲಿ ಅಂಗಡಿಯ ಕಪಾಟಿನವರೆಗೂ ಬಂದಿದೆ. ಆದರೆ ಮದ್ಯ ತಾನೇ ಯೂರಿಕ್ ಆ್ಯಸಿಡ್ ಏರಿಸುತ್ತದೆ. ಸೊನ್ನೆಯನ್ನು ನಂಬಿ ಕುಡಿಯಬಾರದು.

ಹೊರಡುವ ಮುನ್ನ ಮೈಸೂರಿನ ಡಾಕ್ಟರಿಗೆ ನನ್ನ ಭಯ ಹೇಳಿದ್ದೆ: ಸ್ಟ್ಯಾಟಿನ್ನಿಂದಲೇ ಯೂರಿಕ್ ಆ್ಯಸಿಡ್ ಏರಿತೇ? ಸಾಮಾನ್ಯವಾಗಿ ಇಲ್ಲ ಎಂದರು. ಗ್ರೀಸ್‌ನಲ್ಲಿ 1,600 ಹೃದ್ರೋಗಿಗಳನ್ನು ಮೂರು ವರ್ಷ ಗಮನಿಸಿದ ಅಧ್ಯಯನದಲ್ಲಿ ಅಟೊರ್ವಾಸ್ಟಾಟಿನ್ ತೆಗೆದುಕೊಂಡವರ ಯೂರಿಕ್ ಆ್ಯಸಿಡ್ ಶೇ. 8ರಷ್ಟು ಇಳಿದಿತ್ತು, ಸ್ಟ್ಯಾಟಿನ್ ಇಲ್ಲದವರಲ್ಲಿ ಕೊಂಚ ಏರಿತ್ತು. ಮಾತ್ರೆ ಡಬ್ಬಿಯಲ್ಲಿ ಅದರ ಜೊತೆಗಾರರನ್ನು ನೋಡಬೇಕಂತೆ. ಬಿಪಿಗೆಂದು ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ, ಸಣ್ಣ ಪ್ರಮಾಣದ ಆಸ್ಪಿರಿನ್ ಯೂರಿಕ್ ಆ್ಯಸಿಡ್ ಏರಿಸಬಲ್ಲವು. ಹಾಗೆಂದು ಯಾವುದನ್ನೂ ನಾವಾಗಿಯೇ ಬಿಡಕೂಡದು. ಅವರು ದನಿ ಏರಿಸಿ ಹೇಳಿದ್ದು ಒಂದೇ ಮಾತು: ಹೆಬ್ಬೆರಳು ಉರಿಯಿತೆಂದು ಯಾರೋ ಕೊಟ್ಟ ಗೌಟಿನ ಮದ್ದು ಕಾಲ್ಚಿಸಿನ್ ನುಂಗಬೇಡಿ. ಸ್ಟ್ಯಾಟಿನ್ ಜೊತೆ ಸೇರಿದರೆ ಸ್ನಾಯುಗಳು ಹಾಳಾಗುವ ಅಪಾಯವಿದೆ, ಕಿಡ್ನಿ ಸೋತವರಿಗೆ ಇನ್ನೂ ಹೆಚ್ಚು.

ಕೊನೆಗೂ ಒಂದು ಅಕ್ಕಿ ಅಂಗಡಿ ಸಿಕ್ಕಿತು. ಅಜ್ಜಿಯೊಬ್ಬರು ಮರದ ಪೆಟ್ಟಿಗೆಯಿಂದ ಮೊಗೆದು ನನ್ನ ಬೊಗಸೆಗೆ ಸುರಿದರು. ಗುಂಡನೆಯ, ಹಾಲುಬಿಳುಪಿನ ಕಾಳು. ಬೂಷ್ಟಿನ ಸುಳಿವಿಲ್ಲ, ಹೊಸ ಅಕ್ಕಿಯ ವಾಸನೆ.

ಆ ರಾತ್ರಿ ಮಗಳ ಮನೆಯಲ್ಲಿ ಅದರದೇ ಅನ್ನ, ತಿಳಿಸಾರು. ಊಟ ಮುಗಿದ ಮೇಲೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡೆ. ತಟ್ಟೆಯ ಅಂಚಿನಲ್ಲಿ ಒಂದು ಅಗುಳು ಅಂಟಿತ್ತು. ಎರಡನ್ನೂ ನೋಡುತ್ತ ಬಹಳ ಹೊತ್ತು ಕೂತಿದ್ದೆ.