ಪಡಸಾಲೆಯ ಆಸನವೂ ಮನೆಯ ಹಿರಿಯರೂ

ಮನೆಗೆ ಬಂದವರ ಕಾಲಿಗೆ ನೀರು, ಕುಳಿತುಕೊಳ್ಳಲು ಆಸನ, ಕುಡಿಯಲು ಒಂದು ಲೋಟ ಮಜ್ಜಿಗೆ. ಈ ಮೂರನ್ನು ನೀಡದ ಮನೆಯನ್ನು ನಮ್ಮ ಹಿರಿಯರು ಮನೆಯೆಂದೇ ಎಣಿಸುತ್ತಿರಲಿಲ್ಲ. ಕಾಲ ಬದಲಾದರೂ ಈ ಸಂಪ್ರದಾಯ ನಮ್ಮ ಕುಟುಂಬಗಳಲ್ಲಿ ಇಂದಿಗೂ ಉಳಿದು ಬಂದಿದೆ. ಆದರೆ ಆಸನದ ಸ್ವರೂಪ ಮಾತ್ರ ಸಂಪೂರ್ಣವಾಗಿ ಬದಲಾಗಿದೆ. ಅದರೊಡನೆ ಆ ಆಸನವನ್ನು ಶುಚಿಯಾಗಿಡುವ ಬಗೆಯೂ ಬದಲಾಗಬೇಕಾಗಿದೆ. ಗೃಹಿಣಿಯರಿಗೆ ನಿತ್ಯ ಎದುರಾಗುವ, ಆದರೆ ಯಾರೂ ಬಾಯಿಬಿಟ್ಟು ಚರ್ಚಿಸದ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿತು.

ನಮ್ಮ ಎಮ್ಮೆದೊಡ್ಡಿಯಲ್ಲಿ ಹಿಂದೆ ಪಡಸಾಲೆಯೆಂದರೆ ಒಂದು ಮರದ ಬೆಂಚು, ಎರಡು ಕಂಬಳಿ, ಒಂದು ಜಮಖಾನ ಮತ್ತು ಗೋಡೆಗೆ ಒರಗಿಸಿಟ್ಟ ಈಚಲು ಚಾಪೆ. ಬಂದವರಿಗೆ ತಕ್ಕಂತೆ ಒಂದೊಂದನ್ನು ಬಿಡಿಸಿ ಹಾಸಿದರಾಯಿತು. ಕೊಳೆಯಾದಾಗ ಎಲ್ಲವನ್ನೂ ಗಾಡಿಗೆ ಹೇರಿ ಮದಗದ ಕೆರೆಯ ಕಡೆಗೆ ಒಯ್ದು, ಕಲ್ಲಿಗೆ ಬಡಿದು, ಬೇಲಿಯ ಮೇಲೆ ಹರವಿದರೆ ಸಂಜೆಯ ವೇಳೆಗೆ ಬಿಸಿಲಿನ ವಾಸನೆಯೊಡನೆ ಮನೆಗೆ ಮರಳುತ್ತಿದ್ದವು. ಇಂದು ಅದೇ ಪಡಸಾಲೆಯಲ್ಲಿ ಫೋಮ್ ತುಂಬಿದ, ಬಟ್ಟೆ ಹೊದಿಸಿ ಮೊಳೆ ಬಡಿದ ಸೋಫಾ ಕುಳಿತಿದೆ. ಅದನ್ನು ಕೆರೆಗೆ ಒಯ್ಯುವಂತಿಲ್ಲ, ಬಡಿಯುವಂತಿಲ್ಲ, ಹಿಂಡುವಂತಿಲ್ಲ. ಸುಖಾಸನವೆಂದು ತಂದ ವಸ್ತುವು ತೊಳೆಯಲಾಗದ ವಸ್ತುವೂ ಆಗಿದೆಯೆಂಬುದನ್ನು ನಾವು ನಿಧಾನವಾಗಿ ಅರಿತುಕೊಂಡೆವು.

ಕಡೂರು ಸೀಮೆಯ ಬೇಸಿಗೆಯ ಕೆಮ್ಮಣ್ಣಿನ ಧೂಳು ಯಾರಿಗೆ ತಿಳಿಯದು? ಅದರ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿದ ತಲೆಗಳು ಒರಗಿದ ಗುರುತು, ಎಲೆಯಡಿಕೆಯ ಹನಿ, ಅರಿಸಿನ ಕುಂಕುಮದ ಕೈ, ಮಕ್ಕಳು ಚೆಲ್ಲಿದ ಹಾಲು, ಪೂಜೆ ಮುಗಿಸಿ ಬಂದವರ ಕೈಯಿಂದ ಉದುರಿದ ವಿಭೂತಿ. ಇವೆಲ್ಲವೂ ಸಂಸಾರವೊಂದು ಬಾಳುತ್ತಿದೆ ಎಂಬುದರ ಕುರುಹುಗಳೇ ಸರಿ. ಬಹುಕಾಲ ನಾವು ಮೇಲೊಂದು ಹತ್ತಿಯ ಹೊದಿಕೆ ಹಾಸಿ ಸಮಾಧಾನಪಟ್ಟುಕೊಂಡಿದ್ದೆವು. ಹಾಗೆ ಮುಂದುವರಿಯಲಾಗದ ಸಂದರ್ಭ ಬೇರೊಂದು ಕಾರಣದಿಂದ ಒದಗಿತು.

ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ತಾಯಿಯವರಿದ್ದಾರೆ. ಮಂಡಿನೋವಿನಿಂದ ನೆಲದ ಮೇಲೆ ಕೂರಲಾರರು. ಬಾಗಿಲಿಗೆ ಎದುರಾದ ಸೋಫಾದ ಮೂಲೆಯೇ ಅವರ ಸ್ಥಾನ. ಅಲ್ಲಿ ಕುಳಿತು ಬೀದಿಯಲ್ಲಿ ಹೋಗುವವರನ್ನು ಮಾತನಾಡಿಸುವುದು, ತೋಟಕ್ಕೆ ಹೊರಟವರಿಗೆ ಕೆಲಸ ನೆನಪಿಸುವುದು, ಸೊಪ್ಪು ಬಿಡಿಸುವುದು ಅವರ ದಿನಚರಿ. ಕಳೆದ ವರ್ಷದ ಮಳೆಗಾಲದಲ್ಲಿ ಅವರು ಒಂದು ದಿನ ಯಾರಿಗೂ ಹೇಳದೆ ತಮ್ಮ ಸ್ಥಾನವನ್ನು ಹಿತ್ತಿಲ ಕಡೆಯ ಕತ್ತಲೆಕೋಣೆಯ ಮರದ ಮಣೆಗೆ ಬದಲಿಸಿಕೊಂಡರು. ಕೇಳಿದರೆ, ಅಲ್ಲಿ ತಂಪಾಗಿದೆ ಎಂದರು. ಹೊದಿಕೆಯನ್ನು ಎತ್ತಿದಾಗಲೇ ನಮಗೆ ಸಂಗತಿ ತಿಳಿದದ್ದು. ಮೂತ್ರದ ಮೇಲಿನ ಹಿಡಿತ ಸಡಿಲವಾಗಿತ್ತು. ದಿಂಬಿನಲ್ಲಿ ಕಲೆಯೂ ವಾಸನೆಯೂ ನಿಂತಿದ್ದವು. ಆ ತಾಯಿ ತಮ್ಮಿಂದ ಮನೆಯ ಮರ್ಯಾದೆಗೆ ಕುಂದು ಬಾರದಿರಲೆಂದು ತಾವೇ ಒಳಗೆ ಸರಿದಿದ್ದರು. ಜೀವಮಾನವೆಲ್ಲ ಬಂದವರಿಗೆ ಆಸನ ನೀಡಿದವರಿಗೆ ತಮ್ಮ ಮನೆಯಲ್ಲೇ ಆಸನವಿಲ್ಲದಂತಾಗಬಾರದೆಂದು ನಾವು ನಿಶ್ಚಯಿಸಿದೆವು. ಯಂತ್ರದ ವಿಚಾರ ಹುಟ್ಟಿದ್ದು ಹೀಗೆ.

ಮಾರುಕಟ್ಟೆಯಲ್ಲಿ ಈ ಕೆಲಸಕ್ಕೆಂದು ಎತ್ತಿ ಒಯ್ಯಬಹುದಾದ ಎರಡು ಬಗೆಯ ಯಂತ್ರಗಳು ದೊರೆಯುತ್ತವೆ. ಮೊದಲನೆಯದು ಸ್ಟೀಮ್ ಕ್ಲೀನರ್. ಚಿಕ್ಕ ತೊಟ್ಟಿಯಲ್ಲಿ ನೀರನ್ನು ಕಾಯಿಸಿ, ಕುಕ್ಕರಿನಂತೆ ಒತ್ತಡ ಕೂಡಿಸಿ, ಮೂತಿಯ ಮೂಲಕ ಹಬೆಯನ್ನು ಹೊರಬಿಡುತ್ತದೆ. ಜಿಡ್ಡನ್ನು ಸಡಿಲಿಸುವುದರಲ್ಲಿ, ಅಡುಗೆಮನೆಯ ಹೆಂಚು ಮತ್ತು ಕಿಟಕಿಯ ಸಂದಿಗಳನ್ನು ತೊಳೆಯುವುದರಲ್ಲಿ ಇದು ಬಹಳ ಸಮರ್ಥ. ಎರಡನೆಯದು ಸ್ಪಾಟ್ ಕ್ಲೀನರ್. ಇದರಲ್ಲಿ ಎರಡು ತೊಟ್ಟಿಗಳಿರುತ್ತವೆ. ಒಂದರಿಂದ ಮಾರ್ಜಕ ಬೆರೆತ ನೀರು ಬಟ್ಟೆಯ ಮೇಲೆ ಸಿಂಪಡಣೆಯಾಗುತ್ತದೆ. ಕುಂಚದಿಂದ ಉಜ್ಜಿದ ಬಳಿಕ ಆ ಕೊಳೆನೀರನ್ನು ಯಂತ್ರವು ಹೀರಿ ಎರಡನೆಯ ತೊಟ್ಟಿಗೆ ಸೇರಿಸುತ್ತದೆ. ಹಬೆಯಂತ್ರ ಕೊಳೆಯನ್ನು ಸಡಿಲಿಸುತ್ತದೆ, ಹೊರತೆಗೆಯುವುದಿಲ್ಲ. ಅದನ್ನು ನಾವೇ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಹೀರುವ ಯಂತ್ರವಾದರೋ ಕೊಳೆಯನ್ನು ತೆಗೆದು ಕಣ್ಣಿಗೆ ತೋರಿಸುತ್ತದೆ. ಈ ಒಂದು ಭೇದವನ್ನು ತಿಳಿದುಕೊಂಡರೆ ಅರ್ಧ ಆಯ್ಕೆ ಮುಗಿದಂತೆಯೇ.

ಪ್ರಸಂಗವಶಾತ್ ಒಂದು ಮಾತು. ಈ ಕ್ಷೇತ್ರದ ಎರಡು ಹೆಸರಾಂತ ಸಂಸ್ಥೆಗಳ ಇತಿಹಾಸ ಸ್ತ್ರೀಯರಿಗೆ ಸ್ಫೂರ್ತಿದಾಯಕವಾಗಿದೆ. ಅಮೆರಿಕದ ಮಿಷಿಗನ್ ಪ್ರಾಂತ್ಯದ ಮೆಲ್ವಿಲ್ ಬಿಸೆಲ್ 1876ರಲ್ಲಿ ರತ್ನಗಂಬಳಿ ಗುಡಿಸುವ ಸಾಧನಕ್ಕೆ ಪೇಟೆಂಟ್ ಪಡೆದರು. 1889ರಲ್ಲಿ ಅವರು ತೀರಿಕೊಂಡಾಗ ಪತ್ನಿ ಅನ್ನಾ ಬಿಸೆಲ್ ಸಂಸ್ಥೆಯ ಚುಕ್ಕಾಣಿ ಹಿಡಿದು ಅದನ್ನು ದೇಶಾಂತರಗಳಿಗೆ ಬೆಳೆಸಿದರು. ಜರ್ಮನಿಯಲ್ಲಿ ಆಲ್ಫ್ರೆಡ್ ಕಾರ್ಚರ್ 1935ರಲ್ಲಿ ಸ್ಥಾಪಿಸಿದ ಸಂಸ್ಥೆಯನ್ನು 1959ರಲ್ಲಿ ಅವರ ನಿಧನಾನಂತರ ಪತ್ನಿ ಐರೀನ್ ಕಾರ್ಚರ್ ಸುಮಾರು ಮೂರು ದಶಕಗಳ ಕಾಲ ಮುನ್ನಡೆಸಿದರು. ನಮ್ಮ ದೇಶದಲ್ಲಿ 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಸಂಸ್ಥೆಯ ಪ್ರತಿನಿಧಿಗಳು ನಗರಗಳಲ್ಲಿ ಮನೆಮನೆಗೆ ಬಂದು ಧೂಳು ಹೀರುವ ಯಂತ್ರದ ಪ್ರಾತ್ಯಕ್ಷಿಕೆ ತೋರಿಸುತ್ತಿದ್ದುದು ಹಲವರಿಗೆ ನೆನಪಿರಬಹುದು.

ಇನ್ನು ಕಲೆಗಳ ವಿಚಾರ. ಎಲ್ಲ ಕಲೆಗೂ ಒಂದೇ ಮದ್ದಿಲ್ಲ. ವಿಭೂತಿ ಒಣ ಬೂದಿ. ಅದಕ್ಕೆ ನೀರು ತಾಗಿಸಿದರೆ ಕೆಸರಾಗಿ ನೂಲಿನೊಳಗೆ ಇಳಿಯುತ್ತದೆ. ಆದ್ದರಿಂದ ಮೊದಲು ಒಣ ಕುಂಚದಿಂದ ಕೊಡವಿ, ಹೀರುವ ಯಂತ್ರದಿಂದ ಎಳೆಯಬೇಕು. ಅರಿಸಿನಕ್ಕೆ ಕ್ಷಾರಗುಣದ ಸಾಬೂನು ತಾಗಿದರೆ ಕೆಂಪಾಗುವುದನ್ನು ಒಗೆಯುವ ಕೈಗಳೆಲ್ಲ ಬಲ್ಲವು. ಅಲ್ಲಿ ಸೌಮ್ಯ ಮಾರ್ಜಕ ಬಳಸಿ, ಉಳಿದ ಹಳದಿಯನ್ನು ಸೂರ್ಯನಿಗೆ ಒಪ್ಪಿಸುವುದೇ ಲೇಸು. ಬಿಸಿಲಿಗೆ ಅದು ಮಾಸುತ್ತದೆ. ತಲೆಯೆಣ್ಣೆಯ ಜಿಡ್ಡಿಗೆ ಹಬೆ ಒಳ್ಳೆಯದು. ಹಬೆ ಹಾಯಿಸಿದೊಡನೆ ಬಿಳಿಯ ಹತ್ತಿಬಟ್ಟೆಯಿಂದ ಒತ್ತಿ ತೆಗೆಯಬೇಕು. ಹಾಲು, ಮೊಸರು, ರಕ್ತ ಇವುಗಳಲ್ಲಿ ಪ್ರೋಟೀನ್ ಇರುವುದರಿಂದ ಕಾವು ತಾಗಿದರೆ ಹೆಪ್ಪುಗಟ್ಟಿ ನೂಲಿಗೆ ಅಂಟಿಕೊಳ್ಳುತ್ತವೆ. ಇವಕ್ಕೆ ತಣ್ಣೀರೇ ಸರಿ. ಮೂತ್ರಕ್ಕೂ ಹಬೆ ಸಲ್ಲದು; ಕಲೆ ಗಟ್ಟಿಯಾಗಿ ವಾಸನೆ ಫೋಮಿನಲ್ಲಿ ಉಳಿಯುತ್ತದೆ. ತಣ್ಣೀರು ಸಿಂಪಡಿಸಿ ಹೀರುವುದು, ಬಳಿಕ ಕಿಣ್ವಗಳುಳ್ಳ ಮಾರ್ಜಕ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೀರುವುದು, ಇದೇ ಕ್ರಮ.

ಧೂಳಿನ ನುಸಿಯಿಂದ ಉಬ್ಬಸ ಬರುವವರ ಮನೆಗಳಲ್ಲಿ ಹಬೆಯ ಉಪಯೋಗವಿಲ್ಲದಿಲ್ಲ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಆ ನುಸಿಗಳು ಸಾಯುತ್ತವೆ. ಆದರೆ ಮೂತಿಯಿಂದ ಹೊರಟ ಹಬೆ ಬಟ್ಟೆಯೊಳಗೆ ಇಳಿಯುತ್ತಿದ್ದಂತೆ ಬೇಗನೆ ತಣಿಯುವುದರಿಂದ ಫೋಮಿನ ಆಳಕ್ಕೆ ಆ ಕಾವು ಮುಟ್ಟದು. ಸತ್ತ ನುಸಿಗಳೂ ಅವುಗಳ ಮಲಕಣಗಳೂ ಅಲ್ಲೇ ಉಳಿದರೆ ಉಬ್ಬಸಕ್ಕೆ ಕಾರಣವಾಗುತ್ತವೆ. ಆದುದರಿಂದ ಆಸನ ಒಣಗಿದ ಬಳಿಕ ಧೂಳು ಹೀರುವುದನ್ನು ಮರೆಯಬಾರದು.

ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಮಾರುವಾತನು ಹಬೆಯಂತ್ರವೊಂದಿದ್ದರೆ ಸಕಲ ಕಲೆಯೂ ಮಾಯವಾಗುವುದೆಂದು ವರ್ಣಿಸಿದನು. ಮೂತ್ರದ ಕಲೆಯ ವಿಚಾರ ಕೇಳಿದೊಡನೆ ಮಾತು ಬದಲಿಸಿದನು. ಕೊಳ್ಳುವವರು ಹೊಗಳಿಕೆಗೆ ಕಿವಿಗೊಡುವ ಬದಲು ಕೆಲವು ನೇರ ಪ್ರಶ್ನೆಗಳನ್ನು ಕೇಳುವುದು ಉಚಿತ.

ಮೊದಲನೆಯದು ವಿದ್ಯುತ್ತಿನ ಪ್ರಶ್ನೆ. ಕೈಯಲ್ಲಿ ಹಿಡಿಯುವ ಹಬೆಯಂತ್ರಗಳು ಸಾಮಾನ್ಯವಾಗಿ 1000ದಿಂದ 1500 ವ್ಯಾಟ್ ಎಳೆಯುತ್ತವೆ. ಮನೆಯ ಚಿಕ್ಕ ಪ್ಲಗ್ಗಿನ ಸಾಮರ್ಥ್ಯ 6 ಆಂಪಿಯರ್. 230 ವೋಲ್ಟಿನಲ್ಲಿ ಅದು 1380 ವ್ಯಾಟ್‌ಗಳಷ್ಟೇ. ಆದುದರಿಂದ ದೊಡ್ಡ ಹಬೆಯಂತ್ರಕ್ಕೆ 16 ಆಂಪಿಯರಿನ ಪ್ಲಗ್ ಬೇಕು. ಹಳ್ಳಿಗಳಲ್ಲಿ ವೋಲ್ಟೇಜ್ ಇಳಿದಾಗ ನೀರು ಕಾಯುವುದೇ ನಿಧಾನ. ಮನೆಯ ಸಾಧಾರಣ ಇನ್ವರ್ಟರನ್ನು ನಂಬಿ ಇದನ್ನು ಓಡಿಸುವಂತಿಲ್ಲ. ಚಿಕ್ಕ ಸ್ಪಾಟ್ ಕ್ಲೀನರ್‌ಗಳಲ್ಲಿ ನೀರು ಕಾಯಿಸುವ ಕೆಲಸವಿಲ್ಲದ್ದರಿಂದ ವಿದ್ಯುತ್ತೂ ಕಡಿಮೆ ಸಾಕು.

ಎರಡನೆಯದು ನೀರಿನ ಪ್ರಶ್ನೆ. ನಮ್ಮ ಭಾಗದ ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಹಕ್ಕಳೆ ಹಬೆಯಂತ್ರದ ಸಣ್ಣ ರಂಧ್ರವನ್ನು ಮುಚ್ಚಿಬಿಡುತ್ತದೆ. ಸೋಸಿದ ಮಳೆನೀರನ್ನೋ ಊರಿನ ಶುದ್ಧ ನೀರಿನ ಘಟಕದ ನೀರನ್ನೋ ಬಳಸುವುದು ಕ್ಷೇಮ.

ಮೂರನೆಯದು ಪರದೇಶದಿಂದ ಬರುವ ಉಡುಗೊರೆಯ ಪ್ರಶ್ನೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುವೊಬ್ಬರು ತಾವೇ ಒಂದು ಯಂತ್ರ ತರುವುದಾಗಿ ಪ್ರೀತಿಯಿಂದ ಹೇಳಿದರು. ಅಲ್ಲಿಯ ವಿದ್ಯುತ್ತು 120 ವೋಲ್ಟ್, ನಮ್ಮದು 230. ನೇರವಾಗಿ ಜೋಡಿಸಿದರೆ ಯಂತ್ರ ಸುಟ್ಟುಹೋಗುವುದು ಖಂಡಿತ. ರಿಪೇರಿಗೂ ಇಲ್ಲಿ ಬಿಡಿಭಾಗ ಸಿಗದು. ಅವರ ಪ್ರೀತಿಯನ್ನು ಸ್ವೀಕರಿಸಿ, ಯಂತ್ರವನ್ನು ಇಲ್ಲಿಯೇ ಕೊಳ್ಳುವುದೆಂದು ತೀರ್ಮಾನಿಸಿದೆವು.

ನಾಲ್ಕನೆಯದು ಬಟ್ಟೆಯ ಪ್ರಶ್ನೆ. ಕಾರ್ಖಾನೆಯಿಂದ ಬಂದ ಸೋಫಾಗಳ ಅಡಿಯಲ್ಲಿ ಕೆಲವೊಮ್ಮೆ ಒಂದು ಚೀಟಿ ಇರುತ್ತದೆ. ಅದರಲ್ಲಿ ‘ಡಬ್ಲ್ಯೂ’ ಎಂದಿದ್ದರೆ ನೀರಿನಿಂದ ಶುಚಿ ಮಾಡಬಹುದು. ‘ಎಸ್’ ಎಂದಿದ್ದರೆ ನೀರು ಸಲ್ಲದು, ದ್ರಾವಕವೇ ಆಗಬೇಕು. ‘ಡಬ್ಲ್ಯೂಎಸ್’ ಎಂದಿದ್ದರೆ ಎರಡೂ ಆಗುತ್ತದೆ. ‘ಎಕ್ಸ್’ ಎಂದಿದ್ದರೆ ಧೂಳು ಹೀರುವುದಷ್ಟೇ. ಊರಿನ ಬಡಗಿ ಮಾಡಿಕೊಟ್ಟ ಸೋಫಾಕ್ಕೆ ಚೀಟಿ ಎಲ್ಲಿಂದ ಬರಬೇಕು? ಹಿಂಬದಿಯ ಕಾಣದ ಮೂಲೆಯಲ್ಲಿ ಒಂದಿಷ್ಟು ಒದ್ದೆ ಮಾಡಿ, ಬಿಳಿಬಟ್ಟೆ ಒತ್ತಿ, ಬಣ್ಣ ಬಿಡುವುದೇ ಎಂದು ನೋಡಿ, ಒಣಗಿದ ಮೇಲೆ ಮುಂದುವರಿಯಬೇಕು. ರೇಷ್ಮೆ, ಮಕಮಲ್ಲು, ಚರ್ಮ, ಪಾಲಿಶ್ ಮಾಡಿದ ಮರ ಇವುಗಳಿಗೆ ಹಬೆ ತಾಗಿಸದಿರುವುದೇ ವಿವೇಕ.

ಇಷ್ಟೆಲ್ಲ ತೂಗಿನೋಡಿ ನಾವು ಹೀರುವ ಯಂತ್ರವನ್ನೇ ಆರಿಸಿಕೊಂಡೆವು. ನಮ್ಮ ಮನೆಯ ಕಷ್ಟ ಫೋಮಿನೊಳಗೆ ಇಳಿದ ನೀರಿನದು. ಅದನ್ನು ಹೊರತೆಗೆಯುವ ಸಾಧನವೇ ನಮಗೆ ಬೇಕಾದದ್ದು. ಜಿಡ್ಡು ಮತ್ತು ನುಸಿಯ ಕಾಟವೇ ಹೆಚ್ಚಾಗಿರುವ ಮನೆಯವರು ಹಬೆಯಂತ್ರ ಕೊಂಡರೆ ತಪ್ಪಿಲ್ಲ. ಒದ್ದೆಯನ್ನೂ ಒಣಧೂಳನ್ನೂ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಆಗಲೇ ಇರುವ ಮನೆಯಲ್ಲಿ ಒಂದು ಸಿಂಪಡಣೆಯ ಬಾಟಲಿ ಜೊತೆಗೂಡಿದರೆ ಬಹುಮಟ್ಟಿಗೆ ಇದೇ ಕೆಲಸವಾಗುತ್ತದೆ. ಹೊಸ ಯಂತ್ರಕ್ಕೆ ಹಣ ಸುರಿಯಬೇಕಾಗಿಲ್ಲ. ತಿಂಗಳಿಗೊಮ್ಮೆ ಬಳಸುವ ವಸ್ತುವಾದ್ದರಿಂದ ಅಕ್ಕಪಕ್ಕದ ಎರಡು ಮೂರು ಮನೆಯವರು ಕೂಡಿ ಕೊಂಡರೂ ಉತ್ತಮ.

ಬಳಕೆಯಲ್ಲಿ ನಾವು ಪಾಲಿಸುವ ನಿಯಮಗಳು ಸರಳ. ಬಿಸಿಲಿರುವ ದಿನದ ಮುಂಜಾನೆಯೇ ಕೆಲಸ ಮುಗಿಸಬೇಕು. ಅಲ್ಪ ನೀರು ಸಿಂಪಡಿಸಿ, ಹೆಚ್ಚು ಹೊತ್ತು ಹೀರಬೇಕು. ಕಡೆಯಲ್ಲಿ ಬರಿಯ ನೀರಿನಿಂದೊಮ್ಮೆ ತೊಳೆದು ಹೀರದಿದ್ದರೆ ಉಳಿದ ಸಾಬೂನಿಗೆ ಧೂಳು ಬೇಗನೆ ಅಂಟುತ್ತದೆ. ಬಳಿಕ ಕಿಟಕಿ ತೆರೆದು ಫ್ಯಾನ್ ಹಾಕಬೇಕು. ಒಂದೆರಡು ದಿನ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ಕೊಳೆನೀರಿನ ತೊಟ್ಟಿಯನ್ನು ಅಂದೇ ತೊಳೆದು ಒಣಗಿಸಬೇಕು. ಹಬೆಯಂತ್ರವಿರುವವರು ಅದು ಪೂರ್ತಿ ತಣಿಯುವ ಮುನ್ನ ಮುಚ್ಚಳ ತೆರೆಯಬಾರದು. ಮಕ್ಕಳ ಕೈಗೆ ಕೊಡಲೂ ಬಾರದು.

ಯಂತ್ರ ತಂದ ದಿನ ಮೊಮ್ಮಕ್ಕಳು ಚೆಲ್ಲಿದ ಹಾಲಿನ ಕಲೆ ತೆಗೆಯಲು ತಂದಿದ್ದೇವೆಂದು ಮನೆಯಲ್ಲಿ ಎಲ್ಲರಿಗೂ ಹೇಳಿದೆವು. ಅದು ಸುಳ್ಳೂ ಅಲ್ಲ. ದಿಂಬಿಗೆ ನೀರು ಒಳಗಿಳಿಯದ ಹಾಳೆಯೊಂದನ್ನು ಹಾಸಿ, ಮೇಲೆ ಜಿಪ್ ಇರುವ ಹತ್ತಿಯ ಹೊದಿಕೆ ಹೊಲಿಸಿದೆವು. ಜೊತೆಗೆ ತಾಯಿಯವರನ್ನು ವೈದ್ಯರ ಬಳಿಗೂ ಕರೆದೊಯ್ದೆವು. ವೃದ್ಧಾಪ್ಯದಲ್ಲಿ ಇದು ಸಹಜವೆಂದು ಸುಮ್ಮನಿರುವ ಮನೆಗಳೇ ಹೆಚ್ಚು. ಆದರೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ, ಕೆಲವು ಔಷಧಿಗಳು ಹೀಗೆ ಚಿಕಿತ್ಸೆಗೆ ಬಗ್ಗುವ ಕಾರಣಗಳೂ ಇದಕ್ಕೆ ಇರುತ್ತವೆ. ಯಂತ್ರವು ಕಲೆಯನ್ನಷ್ಟೇ ತೆಗೆಯಬಲ್ಲುದು. ಕಾರಣವನ್ನು ವೈದ್ಯರೇ ಹುಡುಕಬೇಕು.

ಒಂದು ವಾರ ಕಳೆದ ಮೇಲೆ ತಾಯಿಯವರು ತಾವಾಗಿಯೇ ಪಡಸಾಲೆಗೆ ಬಂದು, ದಿಂಬನ್ನು ಒಮ್ಮೆ ಕೈಯಿಂದ ಸವರಿ ಕುಳಿತರು. ಯಾರೂ ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಂಧುಗಳೇ, ನಿಮ್ಮ ಮನೆಯ ಹಿರಿಯರು ಎಂದಾದರೂ ತಾವು ಎಂದಿನಿಂದ ಕೂರುತ್ತಿದ್ದ ಸ್ಥಳವನ್ನು ಬಿಟ್ಟು ಸದ್ದಿಲ್ಲದೆ ಹಿಂದೆ ಸರಿದರೆ ಅದನ್ನು ಅವರ ವೈರಾಗ್ಯವೆಂದು ಭಾವಿಸದಿರಿ. ಹೊದಿಕೆಯನ್ನೊಮ್ಮೆ ಎತ್ತಿ ನೋಡಿ. ಕಾರಣ ಅಲ್ಲಿದ್ದರೆ ಅವರಿಗೆ ಹೇಳದೆಯೇ ತೊಳೆದು, ಒಣಗಿಸಿ, ಆಸನವನ್ನು ಮತ್ತೆ ಅವರಿಗಾಗಿ ಅಣಿಗೊಳಿಸಿ. ಯಾವ ಯಂತ್ರದಿಂದ ತೊಳೆದಿರೆಂಬುದು ಆಮೇಲಿನ ಮಾತು.